ಕರಪತ್ರಗಳ ನಡುವಿನ ಲಕೋಟೆ

ಸೋಮವಾರ, ಮಾರ್ಚ್ ೯

ಪ್ರೀತಿಯ ಅಕ್ಕಾ,

ಲ್ಯಾಬಿನ ಹುಡುಗಿ ಸುಳ್ಳು ಹೇಳಿಲ್ಲ. ನಿನ್ನ ವರದಿಯನ್ನು ಅವಳು ಕೊಟ್ಟಿದ್ದಳು. ಕಳೆದುಕೊಂಡವಳು ನಾನು.

ಎದುರಿಗೆ ನಿಂತರೆ ನನ್ನ ಭಾಷಣ ಶುರುವಾಗಿಬಿಡುತ್ತದೆ. ಅದಕ್ಕೇ ಭಾವ ನಿನಗೆ ಆಸ್ಪತ್ರೆಗೆ ತರುವ ಊಟದ ಚೀಲದಲ್ಲಿ ಈ ಪತ್ರ ಇಟ್ಟಿದ್ದೇನೆ.

ಒಂಬತ್ತನೇ ತಿಂಗಳಲ್ಲಿ ನಿನಗೆ ಮಾಡಿದ ಸೋಂಕಿನ ಪರೀಕ್ಷೆಯ ವರದಿ ತರಲು ನಾನೇ ಹೋಗಿದ್ದೆನಲ್ಲ. ಆ ದಿನ ಪ್ರೆಸ್ಸಿನಲ್ಲಿ ಮಡಚಿದ ನಮ್ಮ ಸಂಘದ ಕರಪತ್ರಗಳ ಕಟ್ಟು ಕಂಕುಳಲ್ಲಿತ್ತು. ಮಧ್ಯಾಹ್ನ ಮೂರಾದರೂ ಆ ಹುಡುಗಿ ಊಟ ಮಾಡಿರಲಿಲ್ಲ. ಕಟ್ಟನ್ನು ಕೌಂಟರಿನ ಮೇಲಿಟ್ಟು ದುಡಿಮೆಯ ವೇಳೆಯ ಬಗ್ಗೆ ಅವಳಿಗೆ ಪಾಠ ಶುರು ಮಾಡಿದೆ. ನಡುವೆ ಅವಳು ಏನೋ ಹೇಳಿ ಕಟ್ಟಿನೊಳಗೆ ಏನೋ ಸಿಕ್ಕಿಸಿದಳು. ನಾನು ಕೇಳಿಸಿಕೊಂಡರೆ ತಾನೇ? ಹೋದ ಕೆಲಸವನ್ನೇ ಮರೆತು ಹೊರಟುಬಂದೆ. ಸಂಜೆ ನೀನು ಕೇಳಿದಾಗ ಮರೆತೆನೆನ್ನಲು ನಾಚಿಕೆಯಾಗಿ, ಇನ್ನೂ ಬಂದಿಲ್ಲವಂತೆ ಎಂದುಬಿಟ್ಟೆ.

ಎರಡೇ ದಿನಕ್ಕೆ ನಿನಗೆ ನೋವು ಬಂತು. ಹೆರಿಗೆ ಕೋಣೆಯ ನರ್ಸಿಗೂ ಅದನ್ನೇ ಹೇಳಿದೆ. ನಿನ್ನಲ್ಲಿ ಸೂಕ್ಷ್ಮಾಣು ಇದೆಯೆಂದಿದ್ದ ಆ ವರದಿ ಕೈಯಲ್ಲಿದ್ದಿದ್ದರೆ, ಮಗುವಿಗೆ ತಗಲದಂತೆ ಆಗಲೇ ನಿನಗೆ ಪೆನ್ಸಿಲಿನ್ ಏರಿಸುತ್ತಿದ್ದರು. ಬೆಳಗಾಗುವಷ್ಟರಲ್ಲಿ ಮಗು ನರಳುತ್ತ ಏದುಸಿರು ಬಿಡುತ್ತಿತ್ತು, ನೀನು ಚಳಿಜ್ವರದಲ್ಲಿ ನಡುಗುತ್ತಿದ್ದೆ.

ನಿನ್ನ ಅತ್ತೆ "ಇವಳಿಗೆ ಶುಚಿ ಸಾಲದು" ಅಂದರಂತೆ. ಅಂದಿನಿಂದ ನೀನು ಚರ್ಮ ಕೆಂಪಾಗುವಷ್ಟು ಕೈ ಉಜ್ಜಿಕೊಳ್ಳುತ್ತೀಯೆಂದು ಭಾವ ಹೇಳಿದರು. ಸಾಕು ಮಾಡು. ಈ ಸೂಕ್ಷ್ಮಾಣು ಎಷ್ಟೋ ಆರೋಗ್ಯವಂತ ಹೆಂಗಸರ ಮೈಯಲ್ಲಿ ತೆಪ್ಪಗಿರುತ್ತದೆ. ಅದು ಬರುವುದು ಕೊಳೆಯಿಂದಲ್ಲ, ನಡತೆಯಿಂದಲ್ಲ. ಇದು ಕರಪತ್ರದಲ್ಲಿ ಓದಿದ್ದಲ್ಲ, ಮಕ್ಕಳ ವಾರ್ಡಿನ ನರ್ಸಮ್ಮನನ್ನು ಕೇಳಿದೆ. ಈ ಸಲ ಬಾಯಿ ಮುಚ್ಚಿಕೊಂಡು ಕೇಳಿಸಿಕೊಂಡೆ. ಮಗು ಈಗ ಹಾಲು ಚೆನ್ನಾಗಿ ಎಳೆಯುತ್ತಿದೆಯಂತೆ, ಡ್ರಿಪ್ ಇನ್ನು ಮೂರೇ ದಿನವಂತೆ. ಈ ಸೋಂಕು ಕೆಲವೊಮ್ಮೆ ಕಿವಿ ಕೆಡಿಸುತ್ತದಂತೆ, ಆ ಪರೀಕ್ಷೆಯೊಂದು ಬಾಕಿ. ಆ ಮಾತು ಕೇಳಿದಾಗಿನಿಂದ ನನಗೆ ಅನ್ನ ಸೇರುತ್ತಿಲ್ಲ.

ವರದಿ ಕೊಡಲೇ ಇಲ್ಲವೆಂದು ಲ್ಯಾಬಿನ ಮೇಲೆ ದೂರಿನ ಅರ್ಜಿ ಬರೆದವಳೂ ನಾನೇ. ಅರವತ್ತು ಸಹಿ, ಮೊದಲನೆಯದು ನಿನ್ನದು. ಆ ಹುಡುಗಿ "ನಿಮ್ಮ ಎದುರಿಗೇ ಇಟ್ಟೆನಲ್ಲ ಅಕ್ಕಾ" ಎಂದು ಅತ್ತಳು. ಅವಳ ಊಟದ ಹಕ್ಕಿಗೆ ಗಂಟಲು ಹರಿದುಕೊಂಡ ನಾನೇ ಅವಳನ್ನು ಸುಳ್ಳಿ ಅಂದೆ. ಗುರುವಾರ ವಿಚಾರಣೆ; ಅವಳ ಕೆಲಸ ಹೋಗುತ್ತದೆ.

ನಿನ್ನೆ ಕಟ್ಟು ಬಿಚ್ಚಿದಾಗ ಲಕೋಟೆ ಜಾರಿಬಿತ್ತು. ತಾಯಂದಿರ ಹಕ್ಕುಗಳ ಕರಪತ್ರದೊಳಗಿತ್ತು, ಅಕ್ಕಾ. ಅದನ್ನು ಹಿಡಿದು ವಿಚಾರಣೆ ನಡೆಸುವ ಮೇಲ್ವಿಚಾರಕರ ಮುಂದೆ ನಿಲ್ಲುತ್ತೇನೆ. ಆದರೆ ಅರ್ಜಿ ಹಿಂದಕ್ಕೆ ಪಡೆಯಲು ಮೊದಲ ಸಹಿಯವಳು ಬೇಕು.

ನನ್ನ ದೊಡ್ಡ ಬಾಯಿಗೆ ನೀನು ಚಿಕ್ಕಂದಿನಲ್ಲೇ ಹೆಸರಿಟ್ಟ,
ನಿನ್ನ ಮೈಕು

ಮರೆತ ಮಾತು: ಮರೆತದ್ದಲ್ಲ, ಬರೆಯಲು ಹೆದರಿದ್ದು. ಲಕೋಟೆ ಸಿಕ್ಕಿದ್ದು ನಿನ್ನೆಯಲ್ಲ. ನೀನು ಸಹಿ ಹಾಕುವ ಹಿಂದಿನ ದಿನವೇ ಸಿಕ್ಕಿತ್ತು. ಆದರೂ ನಿನ್ನ ಕೈಗೆ ಪೆನ್ನು ಕೊಟ್ಟೆ. ಇದನ್ನು ಓದಿದ ಮೇಲೂ ಬರುವ ಮನಸ್ಸಿದ್ದರೆ, ಮೇಲ್ವಿಚಾರಕರ ಕೋಣೆಯ ಎದುರಿನ ಬೆಂಚಿನಲ್ಲಿ ಕೂತಿರುತ್ತೇನೆ. ಗುರುವಾರ, ಬೆಳಿಗ್ಗೆ ಹತ್ತು ಗಂಟೆಗೆ.