‘ಸರಿ’ ಒತ್ತಿದರೆ ಸಂಜೆ ಆರಕ್ಕೆ

ಚೂಟಿ,

ನೀನು ಮುನಿಸಿಕೊಂಡು ಅಂಗಡಿ ಬಿಟ್ಟ ಮೇಲೆ ಗಿರಾಕಿಗಳ ಮೆಸೇಜಿಗೆಲ್ಲ ನಾನೇ ಉತ್ತರ ಬರೆಯಬೇಕು. ಹೊಲಿಯುವುದು ಯಾವಾಗ, ಟೈಪ್ ಮಾಡುವುದು ಯಾವಾಗ? ರೋಸಿಹೋಗಿ ಇವತ್ತು ಬೆಳಿಗ್ಗೆ ಫೋನಿನ ಕೀಬೋರ್ಡಿನಲ್ಲಿ ಶಾರ್ಟ್‌ಕಟ್ ಮಾಡಿಕೊಂಡೆ. ‘ಸರಿ’ ಎಂದು ಒತ್ತಿದರೆ ಸಾಕು, ‘ಸಂಜೆ ಆರಕ್ಕೆ ಬನ್ನಿ, ಬಟ್ಟೆ ರೆಡಿ ಇರುತ್ತೆ’ ಎಂದು ತಾನೇ ಬರೆದುಕೊಳ್ಳುತ್ತದೆ.

ಮಧ್ಯಾಹ್ನ, ಅಪ್ಪನಿಗೆಂದು ಕೋಟು ಹೊಲಿಯಲು ಕೊಟ್ಟಿದ್ದ ಟೀಚರ್ ಬರೆದರು: ‘ಅಪ್ಪ ತೀರಿಕೊಂಡ್ರು. ಕೋಟು ಬೇಡ.’

‘ಅಯ್ಯೋ, ಸರಿ’ ಎಂದು ಒತ್ತಿ ಕಳಿಸಿದೆ. ಆದರೆ ಹೋಗಿದ್ದು ಹೀಗೆ: ‘ಅಯ್ಯೋ, ಸಂಜೆ ಆರಕ್ಕೆ ಬನ್ನಿ, ಬಟ್ಟೆ ರೆಡಿ ಇರುತ್ತೆ.’ ಅಳಿಸುವಷ್ಟರಲ್ಲಿ ಅವರು ಓದಿಯಾಗಿತ್ತು. ಆ ಹಾಳು ಶಾರ್ಟ್‌ಕಟ್ ತೆಗೆಯೋಣವೆಂದರೆ ಸೆಟ್ಟಿಂಗ್ಸ್‌ನಲ್ಲಿ ಎಲ್ಲಿ ಹೊಕ್ಕರೂ ಸಿಗಲೊಲ್ಲದು. ನೀನಿದ್ದಿದ್ದರೆ ಮೊದಲು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ, ಆಮೇಲೆ ಎರಡೇ ನಿಮಿಷದಲ್ಲಿ ತೆಗೆದುಕೊಡುತ್ತಿದ್ದೆ. ನಿನ್ನ ನಂಬರ್ ತೆಗೆದೆ. ಒತ್ತಲಿಲ್ಲ. ಫೋನನ್ನು ಚಿಂದಿಬಟ್ಟೆಯ ರಾಶಿಗೆ ಎಸೆದೆ.

ಆರಕ್ಕೆ ಟೀಚರ್ ಬಂದೇಬಿಟ್ಟರು. ನಾನು ತಡವರಿಸುತ್ತಾ ಕ್ಷಮೆ ಕೇಳಿದೆ.

“ಬಿಡಿ, ತಪ್ಪಾಗಿ ಬಂದಿದೆ ಅಂತ ಗೊತ್ತಾಯ್ತು. ಮನೇಲಿ ಕೂತಿರೋಕೆ ಆಗ್ಲಿಲ್ಲ, ಅದಕ್ಕೇ ಬಂದೆ” ಎಂದರು. ಇನ್ನೂ ತೋಳು ಕೂಡಿಸದ ಕೋಟನ್ನು ತೊಡೆಯ ಮೇಲಿಟ್ಟುಕೊಂಡು ಸವರಿದರು. “ಅಳತೆ ತಗೊಳ್ಳುವಾಗ ನಿಮ್ಮ ಫ್ರೆಂಡು ಅಪ್ಪನ್ನ ಎಷ್ಟು ನಗಿಸಿದ್ರು! ಅವರೆಲ್ಲಿ, ಕಾಣ್ತಾನೇ ಇಲ್ಲ?”

“ಇಲ್ಲೇ ಹೋಗಿದ್ದಾಳೆ, ಬರ್ತಾಳೆ” ಎಂದೆ.

ಅಂಗಡಿ ಮುಚ್ಚುವವರೆಗೂ ಅವರು ಕಾದರು ಕಣೆ.