ನರ್ಸಮ್ಮನ ಎರಡನೇ ಪರೀಕ್ಷೆ

ಹಾಲೆಕ್ ಕ್ರೀಕ್, ನೆಬ್ರಾಸ್ಕಾ
೩ ಫೆಬ್ರವರಿ ೨೦೧೯, ಭಾನುವಾರ

ಪ್ರೀತಿಯ ಡೀನಾ,

ನೀನೂ ಅಳಿಯ ಟ್ರೆಂಟನೂ ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಪತ್ರ ಬಂದು ಆರು ವಾರವಾಯಿತು. ಉತ್ತರ ಬರೆಯಲಿಲ್ಲವೆಂದು ಬೈಯಬೇಡ, ಬೈದರೂ ತಪ್ಪೇನಿಲ್ಲ. ಕ್ರಿಸ್‌ಮಸ್ ಕಳೆದ ಮೇಲೆ ಮೂರು ಸಲ ಬರೆಯಲು ಕೂತೆ, ಮೂರು ಸಲವೂ ಅದು ಹವಾಮಾನದ ವರದಿಯಾಯಿತು, ಹರಿದು ಹಾಕಿದೆ. ಫೋನಿನಲ್ಲೂ ಅಷ್ಟೇ. ಹಿಮ ಎಷ್ಟು ಬಿತ್ತು ಎಂದು ಹೇಳಿ ನಿನ್ನಪ್ಪನ ಕೈಗೆ ಕೊಟ್ಟು ಪಾರಾಗುತ್ತೇನೆ.

ಮಾರ್ಚ್ ಒಂಬತ್ತಕ್ಕೆ ನನ್ನ ಪರೀಕ್ಷೆ. ಶಾಲಾ ನರ್ಸುಗಳ ಪ್ರಮಾಣಪತ್ರದ್ದು, ಲಿಂಕನ್ನಿನಲ್ಲಿ, ಕಂಪ್ಯೂಟರಿನ ಮುಂದೆ ಗಂಟೆಗಟ್ಟಲೆ ಕೂರಬೇಕು. ಅಕ್ಟೋಬರಿನಲ್ಲಿ ಡುಮ್ಕಿ ಹೊಡೆದದ್ದು ನಿನಗೆ ಗೊತ್ತೇ ಇದೆ. ಈ ಸಲವೂ ಹೋದರೆ ಆಗಸ್ಟಿನಿಂದ ಆರೋಗ್ಯ ಕೋಣೆಯ ಬೀಗದ ಕೈ ಬೇರೆಯವರ ಪಾಲು. ಪ್ರಮಾಣಪತ್ರ ಇಲ್ಲದವರು ಬೇಡವೆಂದು ನಮ್ಮ ಶಾಲಾ ಮಂಡಳಿ ತೀರ್ಮಾನಿಸಿದೆ. ಇಪ್ಪತ್ತಾರು ವರ್ಷ ಹೇನು ಹೆಕ್ಕಿ, ಮೂಗಿನ ರಕ್ತ ನಿಲ್ಲಿಸಿ, ಇನ್ಸುಲಿನ್ ಚುಚ್ಚಿದ ಮೇಲೆ ನನಗೆ ಕೆಲಸ ಬರುತ್ತದೆಂದು ಒಂದು ಯಂತ್ರ ಒಪ್ಪಬೇಕಂತೆ. ಸಿಟ್ಟು ಬರುತ್ತದೆ. ಹೆದರಿಕೆಯೂ ಆಗುತ್ತದೆ. ಆ ಕೋಣೆ ಬಿಟ್ಟರೆ ನನಗೆ ಬೇರೇನೂ ಗೊತ್ತಿಲ್ಲ.

ಮಧ್ಯಾಹ್ನದ ಊಟದ ಹೊತ್ತಿಗೆ ಶಾಲೆಯ ಕಚೇರಿಯ ವಾಂಡಾ ಪುಸ್ತಕ ಹಿಡಿದು ನನಗೆ ಪ್ರಶ್ನೆ ಕೇಳುತ್ತಾಳೆ. ಗುರುವಾರ ಚಿಲ್ಲಿ ಸಾರು, ಜೊತೆಗೆ ದಾಲ್ಚಿನ್ನಿ ರೋಲು ಇತ್ತು. ಅವಳು ಬೆರಳು ನೆಕ್ಕುತ್ತ ಶುರು ಮಾಡಿದಳು.

"ಹೇಳು ಮಾರ್ಲಿಸ್, ತಲೇಲಿ ಹೇನಿದೆ ಅಂತ ಗೊತ್ತಾದ ಮಗೂನ ತಕ್ಷಣ ಮನೆಗೆ ಅಟ್ಬೇಕಾ?"

"ಬೇಡ. ಶಾಲೆ ಬಿಡೋವರೆಗೂ ಕ್ಲಾಸಲ್ಲೇ ಇರ್ಲಿ."

"ಅಯ್ಯೋ, ನಮ್ಮ ಕಾಲದಲ್ಲಿ ತಲೆಗೆ ಸೀಮೆಣ್ಣೆ ಸುರಿದು ಓಡಿಸ್ತಿದ್ರು ಕಣೇ! ಈಗಿನ ಹೇನಿಗೆ ಏನ್ ಮರ್ಯಾದೆ ನೋಡು." ಆಮೇಲೆ ಹಾಳೆ ತಿರುಗಿಸಿ ನನ್ನ ಮುಖ ನೋಡಿದಳು. "ಹೊಟ್ಟೆನೋವಿನ ಪಾಠ ಮಾತ್ರ ಪ್ರತಿ ಸಲ ಹಾರಿಸ್ತೀಯಲ್ಲ, ಯಾಕೆ?"

"ಅದು ನಂಗೆ ಬರತ್ತೆ."

"ಬಂದ್ರೆ ಹೇಳು ಮತ್ತೆ."

ಫೋನು ಬಡಿಯುತ್ತಿದೆ ಎಂದು ಎದ್ದೆ. ಬಡಿಯುತ್ತಿರಲಿಲ್ಲ. ನನಗಿಂತ ಮೊದಲಿನಿಂದ ಆ ಶಾಲೆಯಲ್ಲಿರುವ ವಾಂಡಾಗೆ ಅದು ಗೊತ್ತಾಗದೆ ಇರುತ್ತದೆಯೇ? ಪುಸ್ತಕ ಮುಚ್ಚಿ, "ರೋಲ್ ತಿನ್ನು, ಆರಿಹೋಗತ್ತೆ" ಎಂದಳು.

ಅದೇ ಗುರುವಾರ ಸಂಜೆ ಮುಖ್ಯೋಪಾಧ್ಯಾಯಿನಿ ಮಿಸೆಸ್ ಟೆಲಂಡರ್ ಕರೆಸಿದ್ದರು. ಜನವರಿಯಲ್ಲಿ ನಾನು ಮನೆಗೆ ಕಳಿಸಿದ ಮಕ್ಕಳ ಪಟ್ಟಿ ಅವರ ಮೇಜಿನ ಮೇಲಿತ್ತು. "ಮಾರ್ಲಿಸ್, ಹೊಟ್ಟೆನೋವು ಅಂದೋರನ್ನೆಲ್ಲ ಮನೆಗೆ ಕಳಿಸ್ತಾ ಹೋದ್ರೆ ನಾನು ಬೆಂಚುಗಳಿಗೆ ಪಾಠ ಹೇಳಿಸ್ಲಾ? ತಾಯಂದಿರು ಕೆಲಸ ಬಿಟ್ಟು ಓಡಿ ಬರ್ತಿದಾರೆ, ಬಂದು ನೋಡಿದ್ರೆ ಮಗು ಕುಣೀತಿರತ್ತೆ." ಅವರು ಹೇಳಿದ್ದು ನಿಜವೇ. ಕ್ಷಮೆ ಕೇಳಿ ಬಂದೆ. ಮಾರನೆಯ ದಿನ ನಾಲ್ಕನೇ ತರಗತಿಯ ಹುಡುಗಿಯೊಬ್ಬಳು ಹೊಟ್ಟೆ ಹಿಡಿದುಕೊಂಡು ಬಂದಳು. ಅವತ್ತು ಅವಳಿಗೆ ಕಾಗುಣಿತದ ಪರೀಕ್ಷೆಯಿದೆ ಎಂದು ನನಗೆ ಗೊತ್ತಿತ್ತು. ಆದರೂ ಅವಳಮ್ಮನಿಗೆ ಫೋನ್ ಮಾಡಿದೆ.

ನಿನ್ನಪ್ಪ ಚೆನ್ನಾಗಿದ್ದಾರೆ. ಔಷಧಿಗಳ ಹೆಸರು ಬರೆದ ಚೀಟಿಗಳನ್ನು ಫ್ರಿಜ್ಜಿನ ತುಂಬ ಅಂಟಿಸಿ, ಹಾಲು ತೆಗೆಯಬೇಕಾದರೂ ಒಂದು ಉತ್ತರ ಹೇಳಿಸುತ್ತಾರೆ. ಇವತ್ತು ಚರ್ಚಿನಿಂದ ಬರುವಾಗ ಕಾರು ನಿಲ್ಲಿಸಿ ಹೇಳಿದರು: "ನೀನು ಫೇಲಾಗಿದ್ದು ಓದು ಸಾಲದೆ ಅಲ್ಲ ಕಣೇ. ಏನೋ ಒಂದು ನಿನ್ನ ಗಂಟಲಲ್ಲಿ ಸಿಕ್ಕೊಂಡಿದೆ. ನಂಗೆ ಹೇಳದೆ ಇದ್ರೂ ಪರವಾಗಿಲ್ಲ, ಮಗಳಿಗೆ ಬರಿ." ಊಟ ಮುಗಿಸಿ ಈಗ ಕೂತಿದ್ದೇನೆ.

ನಿನ್ನ ಮನೆಯಲ್ಲಿ ನಗು ತುಂಬಿರಲಿ, ದೇವರು ನಿಮ್ಮಿಬ್ಬರನ್ನೂ ತನ್ನ ಕೈಯಲ್ಲಿ ಹಿಡಿದಿರಲಿ. ಟ್ರೆಂಟನಿಗೆ ನನ್ನ ಪ್ರೀತಿ ತಿಳಿಸು.

ನಿನ್ನ ಅಮ್ಮ,
ಮಾರ್ಲಿಸ್

ವಿ.ಸೂ.: ಲಕೋಟೆಗೆ ಹಾಕಿದವಳು ಮತ್ತೆ ತೆಗೆದೆ. ನೀನು ಕೇಳಿದ್ದು ಒಂದೇ ಪ್ರಶ್ನೆ, ಅದಕ್ಕೆ ನಾನು ಉತ್ತರ ಬರೆದಿಲ್ಲ. ನಿನ್ನ ಗರ್ಭನಾಳ ಎರಡೂ ಕಡೆ ಅಂಟಿಕೊಂಡಿದೆ, ಮಕ್ಕಳಾಗುವುದು ಕಷ್ಟ, ಹತ್ತನೇ ವಯಸ್ಸಿನಲ್ಲಿ ಅಪೆಂಡಿಕ್ಸ್ ಒಡೆದದ್ದೇ ಕಾರಣವಿರಬಹುದು ಎಂದರಂತೆ ಡಾಕ್ಟರು. ಅವತ್ತು ಎಷ್ಟು ಹೊತ್ತು ನೋವಿತ್ತು ಎಂದೂ ಕೇಳಿದರಂತೆ. "ಅಮ್ಮ, ನಂಗೆ ನೆನಪೇ ಇಲ್ಲ. ನಿಂಗೆ ಗೊತ್ತಿರತ್ತೆ ಅಲ್ವಾ?" ಎಂದು ನೀನು ಬರೆದಿದ್ದೆ.

ಗೊತ್ತಿದೆ. ಒಂಬತ್ತೂಕಾಲಿಗೆ ನೀನು ನನ್ನ ಕೋಣೆಗೆ ಬಂದೆ, ನಾನು ಐಸ್ ಚೀಲ ಕೊಟ್ಟು ಕಳಿಸಿದೆ. ಹನ್ನೊಂದಕ್ಕೆ ಬಂದೆ, ಉಪ್ಪು ಬಿಸ್ಕತ್ತು ಕೊಟ್ಟು ಕಳಿಸಿದೆ. ಒಂದು ಗಂಟೆಗೆ ನೀನು ನಡು ಬಗ್ಗಿಸಿಕೊಂಡು ಬಂದೆ. ಬೇರೆ ಯಾರ ಮಗುವಾಗಿದ್ದರೂ ಮಲಗಿಸಿ ಹೊಟ್ಟೆ ಮುಟ್ಟಿ ನೋಡುತ್ತಿದ್ದೆ. ಆದರೆ ಹಿಂದಿನ ವಾರವಷ್ಟೇ ಉಪಾಧ್ಯಾಯರ ಕೋಣೆಯಲ್ಲಿ ಯಾರೋ, "ನರ್ಸಮ್ಮನ ಮಗಳಿಗೆ ಗಣಿತದ ಟೆಸ್ಟ್ ದಿನಾನೇ ಹೊಟ್ಟೆ ನೋಯೋದು" ಎಂದು ನಕ್ಕಿದ್ದರು. ನನಗೆ ನನ್ನ ಮರ್ಯಾದೆ ದೊಡ್ಡದಾಯಿತು. ಬಾಗಿಲಲ್ಲೇ ನಿನ್ನನ್ನು ತಡೆದು, ಹಾದುಹೋಗುವವರಿಗೆಲ್ಲ ಕೇಳುವ ಹಾಗೆ "ನಾಟಕ ಸಾಕು, ಕ್ಲಾಸಿಗೆ ನಡಿ" ಎಂದೆ. ನೀನು ಗೋಡೆ ಹಿಡಿದುಕೊಂಡು ಹೋದೆ. ಎರಡೂವರೆಗೆ ತರಗತಿಯಲ್ಲಿ ಕುಸಿದುಬಿದ್ದೆ. ಬೆಳಿಗ್ಗೆ ಚೆನ್ನಾಗಿದ್ದಳು, ಇದ್ದಕ್ಕಿದ್ದಂತೆ ಹೀಗಾಯಿತು ಎಂದು ಆಸ್ಪತ್ರೆಯಲ್ಲಿ ಹೇಳಿದವಳು ನಾನೇ. ನಿನ್ನಪ್ಪ ಇಂದಿಗೂ ಅದನ್ನೇ ನಂಬಿದ್ದಾರೆ.

ಅಕ್ಟೋಬರಿನ ಪರೀಕ್ಷೆಯಲ್ಲಿ ಅಂಥದೇ ಒಂದು ಮಗುವಿನ ಪ್ರಶ್ನೆ ಬಂತು. ಉತ್ತರ ಗೊತ್ತಿತ್ತು. ಅದನ್ನು ಒತ್ತಿದರೆ ಅವತ್ತೂ ನನಗೆ ಗೊತ್ತಿತ್ತೆಂದು ಒಪ್ಪಿಕೊಂಡಂತಾಗುತ್ತದೆ ಅನ್ನಿಸಿ ಕೈ ಆಡಲಿಲ್ಲ. ಸಮಯ ಮುಗಿಯುವವರೆಗೂ ಆ ಪ್ರಶ್ನೆಯ ಮುಂದೆಯೇ ಕೂತಿದ್ದೆ.

ಡಾಕ್ಟರಿಗೆ ಐದೂಕಾಲು ಗಂಟೆ ಎಂದು ಹೇಳು. ಅಷ್ಟು ಹೊತ್ತೂ ನಾನು ನಿನ್ನ ತರಗತಿಯಿಂದ ಮೂರು ಬಾಗಿಲಾಚೆ ಇದ್ದೆ.