ಹತ್ತಕ್ಕೆ ಎರಡು

ನಾಗಮಂಗಲ, 12 ನವೆಂಬರ್ 2024
ಬೆನ್ನುಮೂಳೆಯ ಆಪರೇಷನ್ ಆಗಿ ಮೂರನೇ ದಿನ, ಸಂಜೆ

ಪ್ರೀತಿಯ ಅಕ್ಕ,

ಕೆ.ಆರ್. ಪೇಟೆಯಿಂದ ನೀನು ಬರೆದ ಕಾಗದಕ್ಕೆ ಈಗ ಉತ್ತರ. ಮಲಗಿಕೊಂಡು ಮೇಲ್ಮುಖವಾಗಿ ಬರೆದರೆ ಪೆನ್ನು ಇಂಕು ಬಿಡುವುದಿಲ್ಲ. ತಡವಾದದ್ದಕ್ಕೂ ಈ ಪೆನ್ಸಿಲಿಗೂ ಅದೇ ಕಾರಣ.

ಇಲ್ಲಿ ಡಾಕ್ಟರು ನೋವಿನ ಎರಡು ಮಾತ್ರೆಗಳನ್ನು ಹೋಲಿಸಿ ನೋಡುತ್ತಿದ್ದಾರೆ. ಎರಡೂ ನೋಡಲು ಒಂದೇ. ಯಾರಿಗೆ ಯಾವುದೆಂದು ನಮಗೂ ತಿಳಿಯದು, ಕೊಡುವ ನರ್ಸ್ ಸ್ನೇಹಳಿಗೂ ತಿಳಿಯದು. ಒಪ್ಪಿ ಸಹಿ ಹಾಕಿದ್ದೇನೆ. ಅವಳು ದಿನಕ್ಕೆ ನಾಲ್ಕು ಸಲ ಬಂದು, ನೋವು ಹತ್ತಕ್ಕೆ ಎಷ್ಟು ಎಂದು ಕೇಳಿ ಬರೆದುಕೊಳ್ಳುತ್ತಾಳೆ. ನೋವೇ ಇಲ್ಲದಿದ್ದರೆ ಸೊನ್ನೆ, ತಡೆಯಲಾಗದಿದ್ದರೆ ಹತ್ತು. ಐದು ದಾಟಿದರೆ ಮೇಲೊಂದು ಇಂಜೆಕ್ಷನ್.

ಪಕ್ಕದ ಹಾಸಿಗೆಯ ಚಲುವಮ್ಮ ಮಾಕವಳ್ಳಿಯವರು. ಮೂವತ್ತು ವರ್ಷ ಡೈರಿಗೆ ಹಾಲು ಹಾಕಿದವರು. ಯಾವಾಗ ಕೇಳಿದರೂ ಮೂರೂವರೆ ಎನ್ನುತ್ತಾರೆ.

"ಅರ್ಧ ಬರ್ಯಂಗಿಲ್ಲ ಕಣಜ್ಜಿ. ನೋವು ಕಮ್ಮಿ ಆಗಿದ್ರೆ ಕಮ್ಮಿ ಹೇಳಿ."

"ಮೂರೂವರೆಗಿಂತ ಇಳುದ್ರೆ ಫ್ಯಾಟ್ ಇಲ್ಲ ಅಂತ ಡೈರೀಲಿ ಹಾಲ್ನೇ ವಾಪಸ್ ಕಳಿಸ್ತಾರೆ ಕಣವ್ವ. ನನ್ನೂ ಕಳಿಸ್ಬುಟ್ರೆ?"

"ಸರಿ, ನಾಕು ಅಂತ ಬರ್ಕತೀನಿ."

"ಬರ್ಕೊ. ನೀರು ಬೆರ್ಸಿಲ್ಲ ಅಂತನಾದ್ರೂ ಗೊತ್ತಾಯ್ತದೆ."

ನಗಬಾರದು, ಹೊಲಿಗೆ ಎಳೆಯುತ್ತದೆ. ನಕ್ಕೆ.

ನಮ್ಮ ಯಜಮಾನರು ದಿನಾ ಪಾಂಡವಪುರದಿಂದ ಬೆಳಗಿನ ಬಸ್ಸಿಗೆ ಬಂದು ನನ್ನ ಪಕ್ಕದಲ್ಲೇ ಕೂರುತ್ತಾರೆ. ಪ್ರಶ್ನೆ ನನಗೆ, ಉತ್ತರ ಇವರದು. "ಎರಡು ಬರ್ಕಳಮ್ಮ. ನಮ್ಮನೆಯವ್ಳು ತಡ್ಕತಾಳೆ. ನೋಡು, ಪುಸ್ತಕ ಓದ್ತಾವ್ಳೆ. ನೋವಿದ್ರೆ ಯಾರಾದ್ರೂ ಓದ್ತಾರಾ?" ನಾನು ತಲೆಯಾಡಿಸುತ್ತೇನೆ. ಹೀಗೆ ಒಂಬತ್ತು ಸಲ ಎರಡು. ನಿನ್ನೆ ಡಾಕ್ಟರು ಚೀಟಿ ನೋಡಿ, ನನ್ನ ಮಾತ್ರೆ ಬಹಳ ಚೆನ್ನಾಗಿ ಕೆಲಸ ಮಾಡುತ್ತಿದೆ ಎಂದರು. ಅದನ್ನು ತಾವೇ ತಯಾರಿಸಿದವರಂತೆ ಇವರು ಎದ್ದು ಕೈಮುಗಿದರು.

ಚಿನ್ನುವಿನ ಮೊದಲ ಹಲ್ಲು ಬಿದ್ದದ್ದು ಓದಿ ಸಂತೋಷವಾಯಿತು. ಮೊಮ್ಮಗಳಿಗೆ ನನ್ನ ಆಶೀರ್ವಾದ ಹೇಳು. ನಿನ್ನ ಮಂಡಿ ಜೋಪಾನ.

ನಿನ್ನ ತಂಗಿ
ಪ್ರಮೀಳಾ

ಬಿಟ್ಟುಹೋದ ಮಾತು: ಎರಡಲ್ಲ ಅಕ್ಕ, ಏಳು. ಒಂಬತ್ತು ಸಲವೂ ಏಳು. ಪುಸ್ತಕ ಮೂರು ದಿನದಿಂದ ಹನ್ನೊಂದನೇ ಪುಟದಲ್ಲೇ ಇದೆ. ಇವರನ್ನು ದೂರುವಂತಿಲ್ಲ. ಇಪ್ಪತ್ತೊಂಬತ್ತು ವರ್ಷ ಇವರು ಕೇಳಿದಾಗಲೆಲ್ಲ "ಏನಿಲ್ಲ" ಎಂದವಳು ನಾನೇ. ಈಗ ಕೇಳುವುದನ್ನು ಬಿಟ್ಟಿದ್ದಾರೆ. ಆದರೆ ನನ್ನ ಎರಡನ್ನು ನಂಬಿ, ಮುಂದೆ ಆಪರೇಷನ್ ಆಗುವವರಿಗೆಲ್ಲ ಇದೇ ಮಾತ್ರೆ ಕೊಟ್ಟುಬಿಟ್ಟಾರು. ಆರು ಗಂಟೆಗೆ ಸ್ನೇಹ ಬರುತ್ತಾಳೆ. ಇವರು ಬಾಯಿ ತೆರೆಯುವ ಮೊದಲು ಪುಸ್ತಕ ಮುಚ್ಚಿ, ಇವರ ಎದುರಿಗೇ ಏಳು ಎನ್ನುತ್ತೇನೆ. ಹಳೆಯ ಒಂಬತ್ತನ್ನೂ ತಿದ್ದಿಸುತ್ತೇನೆ. ಈಗ ಐದೂ ಮುಕ್ಕಾಲು. ಇವರು ನನಗೆ ಕಾಫಿ ತರಲು ಹೋಗಿದ್ದಾರೆ.